ಇನ್ನೊಂದು ಅಲೆ

"ನಂಗೆ ಬೇಡ ಕಣೇ. ನೀವು ಹೋಗ್ಬನ್ನಿ, ನಾನು ಬ್ಯಾಗು ನೋಡ್ಕೋತೀನಿ."

ಪಕ್ಕದ ರಾಜ್ಯದ ರಾಜಧಾನಿ ನೋಡಲು ಟೂರಿಸ್ಟ್ ಬಸ್ಸು ಹತ್ತಿದಾಗಿನಿಂದ ಅಜ್ಜಿಯದು ಇದೇ ಮಾತು. ಕಿಟಕಿ ಸೀಟು ಬೇಡ ಎಂದು ಮೊಮ್ಮಗಳು ಚೂಟಿಗೆ ಬಿಟ್ಟುಕೊಟ್ಟರು. ಅಸೆಂಬ್ಲಿಯೂ ಬೇಡ, ಮ್ಯೂಸಿಯಮ್ಮೂ ಬೇಡ. ಅಲ್ಲೆಲ್ಲ ಬರೀ ಮೆಟ್ಟಿಲು, ಅಜ್ಜಿಗೆ ಮಂಡಿನೋವು. ಆಗೆಲ್ಲ ಚೂಟಿ ಒತ್ತಾಯ ಮಾಡಲಿಲ್ಲ. ಆದರೆ ಈಗ ಬಸ್ಸು ನಿಂತದ್ದು ಸಮುದ್ರದ ದಂಡೆಯಲ್ಲಿ. ಅಜ್ಜಿ ಅದನ್ನು ಟಿವಿಯಲ್ಲಷ್ಟೇ ನೋಡಿದ್ದರು.

"ಬಾ ಅಜ್ಜಿ, ಇಲ್ಲಿ ಮೆಟ್ಟಿಲಿಲ್ಲ."

ಮೆಟ್ಟಿಲೇನೋ ಇರಲಿಲ್ಲ, ಮರಳಿತ್ತು. ಮೊದಲ ಹೆಜ್ಜೆಗೇ ಊರುಗೋಲು ಹೂತುಹೋಗಿ ಅಜ್ಜಿ ವಾಲಿದರು. ಅಪ್ಪ ಓಡಿಬಂದು ಹಿಡಿದುಕೊಂಡರು.

"ಬುದ್ಧಿ ಇದ್ಯಾ ನಿಂಗೆ? ಬಿದ್ದಿದ್ರೆ? ಫೋಟೋ ತೆಗೆದು ತೋರಿಸೋಣ, ನಡಿ."

"ಫೋಟೋದಲ್ಲಿ ಕಾಲು ಒದ್ದೆ ಆಗುತ್ತಾ ಅಪ್ಪಾ?"

ಚೂಟಿ ಆಗಲೇ ಬಸ್ಸಿನ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದಳು.

"ಡ್ರೈವರ್ ಅಂಕಲ್, ಈ ರಬ್ಬರ್ ಮ್ಯಾಟು ಎರಡು ಕೊಡ್ತೀರಾ?"

"ತಗೋ. ಒಂದು ಕಳೆದ್ರೂ ಇಲ್ಲಿ ನಿನ್ನನ್ನೇ ಹಾಸ್ತೀನಿ!"

ಚೂಟಿ ಒಂದು ಮ್ಯಾಟು ಹಾಸಿದಳು. ಅಜ್ಜಿ ಅದರ ಮೇಲೆ ನಿಂತರು, ಕೋಲು ಹೂತುಹೋಗಲಿಲ್ಲ. ಅದರ ಮುಂದೆ ಇನ್ನೊಂದು. ಅಜ್ಜಿ ದಾಟಿದ ಮೇಲೆ ಹಿಂದಿನದನ್ನು ಎಳೆದು ಮತ್ತೆ ಮುಂದಕ್ಕೆ. ಎಳೆ, ಹಾಸು, ದಾಟು. ಬೆವರು ಕಣ್ಣಿಗಿಳಿಯಿತು.

"ಅಜ್ಜಿಗೆ ರೆಡ್ ಕಾರ್ಪೆಟ್ಟಾ? ಅದೂ ಕಪ್ಪು ಬಣ್ಣದ್ದು!" ಹಿಂದೆ ಬರುತ್ತಿದ್ದ ಅಣ್ಣ ಕಿಸಕ್ಕನೆ ನಕ್ಕ.

"ಹಲ್ಲು ಕಿರೀತಾ ನಿಲ್ಬೇಡ, ಹಿಂದಿನದು ಎಳಿ" ಎಂದಳು ಚೂಟಿ.

ಅಣ್ಣ ಎಳೆದ. ಅಪ್ಪ ಅಜ್ಜಿಯ ತೋಳು ಹಿಡಿದರು.

"ಸಾಕು ಕಣೇ, ಇಲ್ಲಿಂದ್ಲೇ ಕಾಣ್ಸುತ್ತೆ" ಎಂದರು ಅಜ್ಜಿ, ಅರ್ಧ ದಾರಿಯಲ್ಲಿ. ಚೂಟಿ ಕೇಳಿಸದವಳಂತೆ ಮುಂದಿನ ಮ್ಯಾಟು ಹಾಸಿದಳು.

ನೀರಿನ ಬಳಿ ಮರಳು ಗಟ್ಟಿಯಾಗಿತ್ತು. ಅಲೆಯೊಂದು ಬಂದು ಅಜ್ಜಿಯ ಪಾದ ಮುಚ್ಚಿತು. ಅಜ್ಜಿ ಚೂಟಿಯ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದರು. ದೂರದಲ್ಲಿ ಡ್ರೈವರ್ ಹಾರ್ನ್ ಹೊಡೆದ.

"ಇನ್ನೊಂದು ಅಲೆ" ಎಂದರು ಅಜ್ಜಿ ಮೆಲ್ಲಗೆ.

ಅದು ಬಂದು ಹೋಯಿತು.

"ಇನ್ನೊಂದೇ ಒಂದು."

ಬಸ್ಸಿಗೆ ಮರಳಿದಾಗ ಅಜ್ಜಿ ಸೀಟಿನ ಬಳಿ ನಿಂತರು. "ಕಿಟಕಿ ನಂಗೆ ಬೇಡ, ನೀನೇ ಕೂತ್ಕೋ."

ಚೂಟಿ ಅಜ್ಜಿಯ ಮುಖವನ್ನೇ ನೋಡಿದಳು. ಕಿಟಕಿ ಸೀಟಿನ ಧೂಳು ಕೊಡವಿ, ಪಕ್ಕಕ್ಕೆ ಸರಿದು, ಅಜ್ಜಿ ಒಳಗೆ ಹೋಗಿ ಕೂರುವವರೆಗೂ ಹಾಗೇ ನಿಂತಳು.