ತಂಪು ತಿಳಿಯದ ಎಡಗೈ

ಪ್ರಯೋಗಾಲಯದ ಬಾಗಿಲು ತಳ್ಳಿಕೊಂಡು ಒಳಬಂದವನನ್ನು ನೋಡಿ ಅವಳು ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟಳು.

ಲಂಬೂ!

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಈಗ ಕಿವಿಯ ಹತ್ತಿರ ಕೂದಲು ನರೆತಿದೆ. ಆದರೆ ತಲೆ ತಾಗೀತೆಂದು ಬಗ್ಗಿ ಬರುವ ಅಭ್ಯಾಸ... ಅದೇ!

"ಪ್ರಯೋಗಕ್ಕೆ ನಡುವಯಸ್ಸಿನೋರು ಬೇಕು ಅಂತ ಬೋರ್ಡ್ ಹಾಕಿದ್ರಲ್ಲ. ಈ ಕಟ್ಟಡದ ಲಿಫ್ಟ್ ರಿಪೇರಿ ನಂದೇ. ಹಾಗೇ ಬಂದೆ."

"ಕೂತ್ಕೊಳ್ಳಿ," ಎಂದಳು. ಬಹುವಚನ ತಾನಾಗಿಯೇ ಬಂತು.

ತಣ್ಣನೆಯದು ಮೈಗೆ ತಾಗಿದಾಗ ಮಿದುಳು ಹೇಗೆ ಸ್ಪಂದಿಸುತ್ತದೆ, ವಯಸ್ಸಾದಂತೆ ಅದು ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಶಾಲೆಯ ಮಕ್ಕಳಿಂದ ಹಿಡಿದು ಬೊಚ್ಚುಬಾಯಿಯ ಅಜ್ಜಿಯರ ತನಕ ಎಷ್ಟೋ ಜನ ಆ ಕುರ್ಚಿಯಲ್ಲಿ ಕೂತು ಹೋಗಿದ್ದರು. ಮಕ್ಕಳ ಗೆರೆ ಪರದೆಯ ಮೇಲೆ ಚಂಗನೆ ನೆಗೆಯುತ್ತಿತ್ತು. ಅಜ್ಜಿಯರದ್ದು ನಿಧಾನವಾಗಿ ಏಳುತ್ತಿತ್ತು.

ತಂತಿಗಳ ಟೋಪಿ ತೊಡಿಸಿ ಅವನ ನೆತ್ತಿಗೆ ಜೆಲ್ ಹಚ್ಚಿದಳು.

ತಂಪು ಬಿಲ್ಲೆಯನ್ನು ಅವನ ಬಲ ಅಂಗೈಗೆ ಇಟ್ಟಳು. ಗೆರೆ ಎದ್ದಿತು. ಎಡ ಅಂಗೈಗೆ ಇಟ್ಟಳು.

ಏನೂ ಇಲ್ಲ. ಮತ್ತೆ ಇಟ್ಟರೂ... ಊಹೂಂ!

"ಈ ಕೈಗೆ ಏನಾಗಿದೆ?"

"ಹಳೇದು. ಕಾಲೇಜಿನ ಕೊನೇ ವರ್ಷ ವರ್ಕ್‌ಶಾಪಲ್ಲಿ ತಗಡು ಕೊಯ್ದು ನರ ಹೋಯ್ತು. ಬೆರಳು ಆಡತ್ತೆ. ಮುಟ್ಟಿದ್ದು ಮಾತ್ರ ಗೊತ್ತಾಗಲ್ಲ."

ಕೊನೆಯ ವರ್ಷ!

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಗೆಳೆಯರೆಲ್ಲ ಸಿನಿಮಾಕ್ಕೆ ಹೋಗಿದ್ದರು. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗಿ, ಕತ್ತಲಲ್ಲಿ ಅವನ ಎಡಗೈ ಹಿಡಿದಿದ್ದಳು. ಇಷ್ಟವಿದ್ದರೆ ಅವನೂ ಬೆರಳು ಮಡಚುತ್ತಾನೆ ಎಂದು ಕಾದಿದ್ದಳು. ಅವನು ಸಿನಿಮಾ ನೋಡುತ್ತಲೇ ಇದ್ದ. ಅವಮಾನದಿಂದ ಎದ್ದು ಬಂದವಳು, ಅವನು ಮನೆಗೆ ಬಂದಾಗ "ಇಲ್ಲ ಅನ್ನು" ಎಂದು ಅಕ್ಕನನ್ನು ಬಾಗಿಲಿಗೆ ಕಳಿಸಿದ್ದಳು. ಆಮೇಲೆ ಅಕ್ಕ ತೋರಿಸಿದ ಗಂಡುಗಳನ್ನೆಲ್ಲ ಬೇಡವೆಂದಿದ್ದಳು.

ಅಷ್ಟನ್ನೂ ಇಂದು ಅವನಿಗೆ ಹೇಳಿಬಿಟ್ಟಳು.

"ಕೈ ಹಿಡಿದಿದ್ಯಾ?" ಅವನು ತನ್ನ ಎಡ ಅಂಗೈಯನ್ನೇ ತಿರುಗಿಸಿ ನೋಡಿದ. "ನನಗೆ ಗೊತ್ತೇ ಆಗ್ಲಿಲ್ವಲ್ಲೇ!"

"ಕೈಗೆ ಹೀಗಾಗಿದ್ದನ್ನ ಯಾಕೋ ಮುಚ್ಚಿಟ್ಟೆ?"

"ನೀನು ಬೇಡ ಅಂದ್ಬಿಟ್ರೆ ಅಂತ ಭಯ. ನಿಮ್ಮಕ್ಕ 'ಅವಳಿಲ್ಲ' ಅಂದಾಗ, ನಿನಗೆ ಕೈ ವಿಷ್ಯ ಗೊತ್ತಾಗಿದೆ ಅಂದ್ಕೊಂಡೆ. ಅಮ್ಮ ನೋಡಿದ ಹುಡುಗೀನ ಮದುವೆಯಾದೆ. ಒಳ್ಳೇ ಹೆಂಗಸು... ತೀರ್ಕೊಂಡು ವರ್ಷಗಳಾದ್ವು. ಮಗಳು ಗಂಡನ ಮನೇಲಿದ್ದಾಳೆ."

ಒಂದು ಆಯಸ್ಸೇ ಕಳೆದುಹೋಯಿತಲ್ಲ! ಒಂದೇ ಒಂದು ಮಾತು ಕೇಳಿದ್ದರೆ...

ಅವಳು ಕಣ್ಣೊರೆಸಿಕೊಂಡು ಟೋಪಿ ಬಿಚ್ಚಿದಳು. "ನಿನ್ನ ಅಳತೆ ನಮಗೆ ಉಪಯೋಗಕ್ಕೆ ಬರಲ್ಲ. ನರದ ತೊಂದರೆ ಇದ್ಯಾ ಅಂತ ಹೊರಗಡೆ ಮೊದಲೇ ಕೇಳಿರ್ತಾರಲ್ಲ?"

"ಇಲ್ಲ ಅಂತ ಸುಳ್ಳು ಹೇಳ್ದೆ. ಹೋದ ವಾರ ಲಿಫ್ಟ್ ಹತ್ರ ನಿನ್ನ ನೋಡಿದ್ದೆ, ಮೊಂಡಿ. ಮಾತಾಡಿಸೋ ಧೈರ್ಯ ಬರ್ಲಿಲ್ಲ. ನಿಜ ಹೇಳಿದ್ರೆ ಇಲ್ಲಿಗೆ ಬಿಡ್ತಿದ್ರಾ?"

ಮೊಂಡಿ! ಅವಳ ಹಟ ನೋಡಿ ಕಾಲೇಜಿನಲ್ಲಿ ಇಟ್ಟಿದ್ದ ಹೆಸರು; ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

"ಆವತ್ತು ನಾನು ಬಾಯಿ ಬಿಟ್ಟು ಕೇಳಿದ್ದಿದ್ರೆ?"

"ಸಿನಿಮಾ ಹಾಲಲ್ಲೇ ಎದ್ದು ಕುಣೀತಿದ್ದೆ."

ಅಳುತ್ತಲೇ ನಕ್ಕಳು. ಮತ್ತೆ ಅವನ ಮುಖವನ್ನೇ ನೋಡುತ್ತಾ ಹೇಳಿದಳು. "ನೀನಂದ್ರೆ ನನಗಿಷ್ಟ ಕಣೋ. ಈಗ್ಲೂ..."

ಅವನು ಕಣ್ಣು ಮುಚ್ಚಿಕೊಂಡ.

"ಕೇಳಿಸ್ತಾ?"

"ಕೇಳಿಸ್ತು... ಇನ್ನೊಂದ್ಸಲ ಹೇಳು."