ಹನ್ನೊಂದನೇ ಕತ್ತೆ

“ಕತ್ತೆಗೆ ಕಿವಿ ಗಿಡ್ಡ ಮಾಡಿ ಅಂದೋರು ನೀವೇ ತಾನೇ?”

ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಕಂಕುಳಲ್ಲಿ ಸುರುಳಿ ಸುತ್ತಿದ ಚಿತ್ರ, ಮೂಗಿನ ತುದಿಯಲ್ಲಿ ಕೋಪ.

ಅವನು ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದ. ಗಾಬರಿಯಲ್ಲಿ ಎದ್ದಾಗ ಒಂದು ಹಾಳೆ ಅಂಗೈಗೆ ಅಂಟಿಕೊಂಡೇ ಮೇಲೆ ಬಂತು.

“ಹೌದು... ನಾನೇ.”

ಇಷ್ಟು ದಿನ ಫೋನಿನ ಮೆಸೇಜುಗಳಲ್ಲಿ ಮಾತ್ರ ಇದ್ದ ಪ್ರಕಾಶಕ! ಅವಳ ಊಹೆಯಲ್ಲಿ ಅವನಿಗೆ ಹೊಟ್ಟೆಯಿತ್ತು, ದಪ್ಪ ಕನ್ನಡಕವಿತ್ತು, ಕ್ರೂರವಾದ ಮೀಸೆಯಿತ್ತು. ಎದುರಿಗಿದ್ದವನಿಗೆ ಮೂರರಲ್ಲಿ ಒಂದೂ ಇರಲಿಲ್ಲ. ಕಣ್ಣುಗಳು ಮಾತ್ರ... ಬೈಯಲು ಬಂದವಳ ಬಾಯಿಂದ ಬೈಗುಳ ಕಸಿದುಕೊಳ್ಳುವಂಥವು.

‘ಅಯ್ಯೋ, ಬಂದ ಕೆಲಸ ನೋಡೇ!’ ಅವಳು ತನ್ನನ್ನೇ ಗದರಿಕೊಂಡಳು.

“ಇದು ಏಳನೇದು,” ಎಂದು ಚಿತ್ರ ಬಿಚ್ಚಿ ಹಿಡಿದಳು.

ಅವನು ತುಂಬ ಹೊತ್ತು ನೋಡಿದ. ಗರ್ಭಗುಡಿಯ ಮುಂದೆ ನಿಂತವನ ಹಾಗೆ.

“ಚೆನ್ನಾಗಿದೆ... ಆದರೆ ಬಾಲ... ಹೋದ ಸಲ ಇನ್ನೊಂಚೂರು... ಏನೋಪ್ಪ. ನೀವೇ ನೋಡಿ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು! ಅವಳ ಕಣ್ಣಲ್ಲಿ ನೀರು ತುಂಬಿತು. ತೋರಿಸಿಕೊಳ್ಳದೆ ಚಿತ್ರ ಸುತ್ತಿಕೊಂಡು ಹೊರಟೇಬಿಟ್ಟಳು.

ಭಗವಂತ ಲೋಕವನ್ನು ಸೃಷ್ಟಿಸುವಾಗ, ‘ಆಕಾಶ ಚೂರು ತಿಳಿಯಾಗಲಿ, ಬೆಟ್ಟ ಚೂರು ಎಡಕ್ಕೆ ಹೋಗಲಿ’ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಆ ಕೆಲಸ ಮುಗಿಯಿತು. ಇವಳ ಭಾಗ್ಯ ಹಾಗಿರಲಿಲ್ಲ. ಯಾವ ಆಫೀಸಿಗೂ ಸೇರದೆ, ಮನೆಯಲ್ಲೇ ಕೂತು, ಕೇಳಿದವರಿಗೆ ಚಿತ್ರ ಬರೆದುಕೊಡುವವಳು. ಬಿಸ್ಕತ್ತಿನ ಪೊಟ್ಟಣಕ್ಕೆ ಬರೆದ ಹಸುವನ್ನು ಹದಿನಾಲ್ಕು ಸಲ ತಿದ್ದಿದ್ದಳು. ಹಲ್ಲಿನ ಡಾಕ್ಟರ ಬೋರ್ಡಿಗೆ ಒಂದು ಹಲ್ಲು ಬರೆದರೆ, “ಹಲ್ಲು ಇನ್ನೂ ಸ್ವಲ್ಪ ಖುಷಿಯಾಗಿರಲಿ” ಎಂದಿದ್ದರು.

ಈಗ ಇದು. ಮನೆ ದಾರಿ ಮರೆತ ಕತ್ತೆಯ ಕಥೆ, ಮಕ್ಕಳಿಗೆ. ಬರೆದವನೂ ಅವನೇ, ಅಚ್ಚು ಹಾಕುವವನೂ ಅವನೇ. ಒಳಗಿನ ಚಿತ್ರಗಳನ್ನೆಲ್ಲ ಒಪ್ಪಿದ್ದ. ಮುಖಪುಟದ ಕತ್ತೆ ಮಾತ್ರ ದಡ ಸೇರುತ್ತಿರಲಿಲ್ಲ.

ಅವಳ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಿಷನ್ನು, ಕಿಟಕಿಯ ಬಳಿ ಇವಳ ಮೇಜು. ಮೇಜಿನ ಗಾಜಿನಡಿ ದೀಪ ಉರಿಸಿ, ಹಳೆಯ ಚಿತ್ರದ ಗೆರೆಗಳನ್ನು ಹೊಸ ಹಾಳೆಗೆ ಎತ್ತಿಕೊಂಡು, ಮತ್ತೆ ಬಣ್ಣ ಹಾಕುತ್ತಿದ್ದಳು.

“ಒಂದು ಕತ್ತೆಗೆ ಇಷ್ಟು ಒದ್ದಾಟಾನಾ ಅಕ್ಕ? ಕನ್ನಡಿ ಮುಂದೆ ಕೂತ್ಕೋ, ತಟ್ಟಂತ ಬರುತ್ತೆ,” ತಂಗಿ ಕಿಚಾಯಿಸಿದಳು.

“ಕನ್ನಡಿ ಯಾಕೆ? ನೀನೇ ಎದುರಿಗೆ ಕೂತ್ಕೋ. ಬಾಲ ಒಂದನ್ನ ನಾನು ಊಹಿಸ್ಕೋತೀನಿ!”

ನಗು ಬಂತು. ಆದರೆ ಒಳಗೆ ಹುಳು ಕೊರೆಯುತ್ತಲೇ ಇತ್ತು. ‘ನನಗೆ ನಿಜವಾಗಿಯೂ ಚಿತ್ರ ಬರುತ್ತಾ? ಅಥವಾ ಇಷ್ಟು ವರ್ಷ ಎಲ್ಲರೂ ಪಾಪ ಅಂತ ಸುಮ್ಮನಿದ್ರಾ?’

ಎಂಟನೆಯದನ್ನೂ ಅವಳೇ ಕೊಂಡೊಯ್ದಳು. ಅವನು ಪುಸ್ತಕದ ಕಟ್ಟುಗಳನ್ನು ಸರಿಸಿ ಅವಳಿಗೊಂದು ಕುರ್ಚಿಯ ಜಾಗ ಮಾಡಿದ್ದ. ಒಂಬತ್ತನೆಯ ಸಲ ಕಥೆ ಓದಿ ಹೇಳಿದ. ಕತ್ತೆ ಅಳುವ ಕಡೆ ಅವನ ದನಿಯೂ ನಡುಗಿದಾಗ ಅವಳು ನಕ್ಕಳು, ಆಮೇಲೆ ಯಾಕೋ ಅವನನ್ನೇ ನೋಡುತ್ತ ಕೂತಳು. ಹತ್ತನೆಯ ಸಲ ಬೀದಿಯ ತಿರುವಿನವರೆಗೂ ಜೊತೆಗೆ ಬಂದ. ದಾರಿಯುದ್ದಕ್ಕೂ ಇಬ್ಬರೂ ಬರೀ ಕಾಗದದ ವಿಷಯ ಮಾತಾಡಿದರು... ಹೃದಯ ಬೇರೇನೋ ಹೇಳುತ್ತಿತ್ತು.

ಆ ಕಣ್ಣುಗಳು ಒಂದೇ ಒಂದು ಸಲ ತನ್ನ ಚಿತ್ರವನ್ನು ಪೂರ್ತಿ ಮೆಚ್ಚಲಿ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಹನ್ನೊಂದನೆಯ ಕತ್ತೆಗೆ ನಾಲ್ಕು ದಿನ ಕೂತಳು. ಅವನು ನೋಡಿದ. ತುಟಿ ಕಚ್ಚಿಕೊಂಡ.

“ಮುಖ... ಮೊದಲೆಲ್ಲೋ ಇನ್ನೊಂಥರ...”

“ಸಾಕು!”

ಮನೆಗೆ ಬಂದವಳೇ ಕುಂಚಗಳನ್ನು ತೊಳೆದು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹಲ್ಲಿನ ಡಾಕ್ಟರು ತಮ್ಮಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಕರೆದಿದ್ದರು. ಸೋಮವಾರದಿಂದ ಬರುತ್ತೇನೆ ಎಂದಳು. ಮನೆಯಲ್ಲಿದ್ದ ಕತ್ತೆಗಳನ್ನೆಲ್ಲ ಕೊರಿಯರ್‌ನಲ್ಲಿ ಅವನಿಗೆ ಕಳಿಸಿ, ಫೋನಿನಲ್ಲಿ ಒಂದೇ ಸಾಲು ಬರೆದಳು: ‘ಬೇರೆ ಕಲಾವಿದರನ್ನ ನೋಡಿಕೊಳ್ಳಿ, ನನ್ನ ಕೈಲಿ ಆಗಲ್ಲ.’

ಉತ್ತರ ಬರಲಿಲ್ಲ. ಒಂದು ದಿನ... ಎರಡು ದಿನ...

‘ಅಷ್ಟೇನಾ? ಬೇರೆಯವರು ಸಿಕ್ಕೇಬಿಟ್ಟರಾ?’

ಅಲ್ಲಿ ಅವನು ಹತ್ತು ಸಲ ಬರೆದು ಹತ್ತು ಸಲ ಅಳಿಸಿದ್ದ. ‘ನನ್ನ ಮುಖವೇ ಬೇಡವಾಗಿದೆ ಅವರಿಗೆ’ ಎಂದುಕೊಂಡಿದ್ದ. ಮನಸ್ಸು ಮಾತ್ರ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದೂ ಕತ್ತೆಗಳನ್ನು ಹೊತ್ತು ಅವಳ ಬಾಗಿಲಿಗೆ ಬಂದ.

ಬಾಗಿಲು ತೆರೆದದ್ದು ಅಮ್ಮ, ಕೊರಳಲ್ಲಿ ಅಳತೆ ಟೇಪು.

“ಅಂಗಿ ಹೊಲಿಸಬೇಕಾ?”

“ಅಲ್ಲಮ್ಮ... ಕತ್ತೆ ತಂದಿದ್ದೀನಿ.”

ಒಳಗಿನಿಂದ ತಂಗಿ ಕಿಸಕ್ಕನೆ ನಕ್ಕಳು. ನಗು ಕೇಳಿ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವನನ್ನು ಕಂಡು ಕೈಯಲ್ಲಿದ್ದ ಸೌಟನ್ನು ಬೆನ್ನ ಹಿಂದೆ ಮರೆಮಾಡಿದಳು.

“ಇವು ನಿಮ್ಮವು. ನನ್ನ ಹತ್ರ ಇಟ್ಕೊಳ್ಳೋಕೆ ನನಗೆ ಹಕ್ಕಿಲ್ಲ. ಒಂದೇ ಒಂದು ಸಲ ಎಲ್ಲಾನೂ ಒಟ್ಟಿಗೆ ನೋಡಿ. ಆಮೇಲೆ ಬೇಡ ಅಂದ್ರೆ ಹೊರಟುಹೋಗ್ತೀನಿ.”

ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಅಮ್ಮನೇ ಜಾಗ ಮಾಡಿದಳು. ಹನ್ನೊಂದು ಕತ್ತೆಗಳು ಸಾಲಾಗಿ ನಿಂತವು. ಅಮ್ಮ ಕನ್ನಡಕ ಏರಿಸಿ, ಹೊಲಿಗೆ ನೋಡುವಂತೆ ಒಂದೊಂದನ್ನೂ ನೋಡಿದಳು.

“ಮೊದಲನೇದಕ್ಕೆ ನೀವೇನು ಹೇಳಿದ್ರಿ?”

“ಕಿವಿ ಗಿಡ್ಡ ಆಗಲಿ ಅಂದೆ. ಮೇಲೆ ಪುಸ್ತಕದ ಹೆಸರಿಗೆ ಜಾಗ ಸಾಲ್ತಿರಲಿಲ್ಲ.”

“ಎರಡನೇದ್ರಲ್ಲಿ ಗಿಡ್ಡ ಆಗಿದೆಯಲ್ಲ. ಮತ್ತೆ ಕಣ್ಣು ಯಾಕೆ ಬದಲಾಯ್ತು?”

ಅವಳು ಬೆಚ್ಚಿದಳು. “ಅದು... ಹೇಗೂ ಹೊಸ ಹಾಳೆ ತಗೊಂಡಿದ್ದೆ. ಕಣ್ಣೂ ಸರಿಯಿಲ್ಲ ಅನ್ನಿಸ್ತು.”

“ಮೊದಲಿನ ಕಣ್ಣೇ ಬೇಕು ಅಂತ ನಾನಂದೆ,” ಅವನು ಮೆಲ್ಲಗೆ ಹೇಳಿದ. “ಮೂರನೇದ್ರಲ್ಲಿ ಕಣ್ಣು ವಾಪಸ್ ಬಂತು. ಕಾಲು ಹೋಯ್ತು.”

“ನಾಲ್ಕನೇದ್ರಲ್ಲಿ ಕಾಲು ಬಂತು, ಬಣ್ಣ ಹೋಯ್ತು,” ಅಮ್ಮ ಬೆರಳಿಟ್ಟು ತೋರಿಸುತ್ತ ಹೋದಳು. “ನೋಡೇ, ತೋಳು ಸಡಿಲ ಮಾಡಿ ಅಂದ್ರೆ ನಾನು ತೋಳಿನ ಹೊಲಿಗೆ ಬಿಚ್ತೀನಿ. ನೀನು ಪ್ರತಿ ಸಲ ಇಡೀ ಅಂಗೀನೇ ಬಿಚ್ಚಿದ್ದೀಯ. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ! ಈ ಮನುಷ್ಯ ಹೊಸದೇನೂ ಕೇಳೇ ಇಲ್ಲ. ನೀನು ಮಾಡಿದ್ದನ್ನೇ ವಾಪಸ್ ಕೇಳ್ತಿದ್ದಾರೆ.”

ಅವಳು ಬಗ್ಗಿ ಮೊದಲನೆಯ ಕತ್ತೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನಡಿಯೇ, ದಾರ ತರಬೇಕು,” ಅಮ್ಮ ತಂಗಿಯ ಕೈ ಹಿಡಿದಳು.

“ದಾರ ಡಬ್ಬಿ ತುಂಬ ಇದೆಯಲ್ಲಮ್ಮ!”

“ನಡಿ ಅಂದ್ರೆ ನಡಿ!”

ಅವರ ಹೆಜ್ಜೆಯ ಸದ್ದು ಬೀದಿಗಿಳಿಯಿತು. ಅವಳು ಮೊದಲನೆಯ ಕತ್ತೆಯನ್ನೇ ನೋಡುತ್ತಿದ್ದಳು. ಎಂಥ ಮುಖ ಅದು! ದಾರಿ ತಪ್ಪಿದ್ದರೂ ಮನೆ ಇದ್ದೇ ಇದೆ ಎಂದು ನಂಬಿದ ಮುಖ. ಅದನ್ನು ಬರೆದದ್ದು ತಾನೇ. ಅಳಿಸುತ್ತ ಬಂದದ್ದೂ ತಾನೇ.

“ಇದು ನಿಮಗೆ ಮೊದಲೇ ಗೊತ್ತಿತ್ತಾ?” ಅವಳ ದನಿ ಗಡುಸಾಗಿತ್ತು.

“ಮೊದಮೊದಲು ಇಲ್ಲ. ಬದಲಾಯಿಸಿದ್ದಕ್ಕೆ ನಿಮಗೇನೋ ಕಾರಣ ಇರುತ್ತೆ ಅಂದ್ಕೊಂಡೆ. ಅಷ್ಟು ಚೆನ್ನಾಗಿ ಬರೆಯೋರಿಗೆ ನಾನೇನು ಹೇಳೋದು ಅಂತ ಹೆದರಿಕೆ.” ಅವನು ತಲೆ ತಗ್ಗಿಸಿದ. “ಆಮೇಲೆ ಗೊತ್ತಾಯ್ತು. ಎಂಟನೇ ಸಲ.”

“ಎಂಟನೇ ಸಲ!”

“ಮೊದಲನೇದೇ ಸರಿ ಅಂತ ಹೇಳಿದ್ರೆ ಅವತ್ತೇ ಮುಗಿದುಹೋಗ್ತಿತ್ತು. ನೀವು ಮತ್ತೆ ಬರ್ತಿರಲಿಲ್ಲ.”

“ನಾಲ್ಕು ದಿನ ಅತ್ಕೊಂಡು ಬರೆದಿದ್ದೀನಿ ಆ ಕೊನೇದನ್ನ! ನನಗೆ ಚಿತ್ರಾನೇ ಬರಲ್ಲ ಅಂತ ಕುಂಚ ಎತ್ತಿಟ್ಟಿದ್ದೀನಿ. ನಾಳೆಯಿಂದ ಹಲ್ಲುನೋವಿನವರ ಹೆಸರು ಬರ್ಕೊಳ್ಳೋಕೆ ಹೋಗ್ತಿದ್ದೀನಿ, ಗೊತ್ತಾ ನಿಮಗೆ?”

ಅವನ ಮುಖ ಬಿಳಿಚಿಕೊಂಡಿತು.

“ಗೊತ್ತಿರಲಿಲ್ಲ... ನಿಮಗೆ ಇಷ್ಟು ನೋವಾಗುತ್ತೆ ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ತಪ್ಪು ನನ್ನದು, ಅದಕ್ಕೆ ನೆಪ ಹೇಳಲ್ಲ. ನನ್ನ ಮೇಲೆ ಎಷ್ಟು ಬೇಕಾದ್ರೂ ಕೋಪ ಮಾಡ್ಕೊಳ್ಳಿ. ನಿಮ್ಮ ಕೈ ಮೇಲೆ ಮಾತ್ರ ಬೇಡ. ಆ ಕೈಯಲ್ಲಿ ದೇವರಿದ್ದಾನೆ.”

ಅವಳು ತಿರುಗಿ ಕಿಟಕಿಯ ಕಡೆ ನಿಂತಳು. ಅತ್ತಳು. ಬಹಳ ದಿನಗಳ ಮೇಲೆ, ಹಗುರಾಗುವಂಥ ಅಳು. ಅವನು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಕಾದ.

ಕಣ್ಣೊರೆಸಿಕೊಂಡು ಅವಳು ಮೇಜಿಗೆ ಬಂದಳು. ಮೊದಲನೆಯ ಕತ್ತೆಯನ್ನು ಎತ್ತಿ ಅವನ ಮುಂದಿಟ್ಟಳು.

“ಇದೇ ಹೋಗಲಿ ಮುಖಪುಟಕ್ಕೆ. ಕಿವಿ ಮುಟ್ಟಲ್ಲ. ನಿಮ್ಮ ಪುಸ್ತಕದ ಹೆಸರನ್ನ ಕೆಳಗೆ ಇಳಿಸ್ಕೊಳ್ಳಿ.”

ಐದು ವರ್ಷದ ಕೆಲಸದಲ್ಲಿ ಅವಳು ಬೇರೆಯವರ ತಿದ್ದುಪಡಿಗೆ ‘ಇಲ್ಲ’ ಎಂದದ್ದು ಅದೇ ಮೊದಲು. ಮನೆಯೇನೂ ಕುಸಿದು ಬೀಳಲಿಲ್ಲ.

“ಇಳಿಸ್ತೀನಿ,” ಎಂದ ಅವನು. ಅವನ ಕಣ್ಣು ಒದ್ದೆಯಾಗಿತ್ತು.

ಅವಳು ಫೋನೆತ್ತಿದಳು. “ಡಾಕ್ಟ್ರೇ, ಕ್ಷಮಿಸಿ, ನಾಳೆ ನಾನು ಬರಲ್ಲ... ಇಲ್ಲ, ಹುಷಾರಾಗಿದ್ದೀನಿ. ಚಿತ್ರ ಬರೆಯೋದಿದೆ.”

ಅವನು ಕತ್ತೆಯನ್ನು ಜೋಪಾನವಾಗಿ ಸುತ್ತಿಕೊಂಡ. ಬಾಗಿಲವರೆಗೆ ಹೋದವನು ನಿಂತ.

“ಇನ್ನೊಂದು ಮಾತು. ಚಿತ್ರದ್ದಲ್ಲ. ನಾನು ನಿಮ್ಮನ್ನ... ತುಂಬ ಇಷ್ಟಪಡ್ತೀನಿ. ಉತ್ತರ ಈಗಲೇ ಬೇಡ. ಯೋಚಿಸಿ, ನಿಧಾನವಾಗಿ ಹೇಳಿ.”

“ಯೋಚಿಸಲ್ಲ,” ಎಂದಳು ಅವಳು.

ಅವನ ಮುಖ ಬಾಡಿತು.

“ಯೋಚಿಸ್ತಾ ಕೂತ್ರೆ ಇದನ್ನೂ ಕೆಡಿಸಿಬಿಡ್ತೀನಿ. ಮನಸ್ಸಿಗೆ ಮೊದಲು ಬಂದದ್ದನ್ನೇ ಹೇಳಿಬಿಡಲಾ?”

“ಹೇಳಿ...”

“ಹ್ಞೂಂ.”

“ಹ್ಞೂಂ ಅಂದ್ರೆ... ಇಷ್ಟಾನಾ?”

“ಹ್ಞೂಂ ಅಂದ್ರೆ ಹ್ಞೂಂ ರೀ,” ಅವಳು ಅವನ ಕೈ ಹಿಡಿದುಕೊಂಡಳು. “ಕೂತ್ಕೊಳ್ಳಿ, ಅಮ್ಮ ಬರೋವರೆಗಾದ್ರೂ ಇರಿ.”

“ಅವರು ಬಂದ ಮೇಲೆ?”

“ಆಮೇಲೂ ಇರಿ.”