ನಿಂತರೆ ಆರಿಹೋಗುವ ಕಾರು

ಓಡುವಾಗ ಆ ಕಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಿಂತಾಗಲೇ ತಕರಾರು. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಎಂಜಿನ್ ಒಮ್ಮೆ ನಡುಗಿ, ಬಿಕ್ಕಳಿಸಿ, ಆರಿಹೋಗುತ್ತಿತ್ತು. ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವಳು ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಕೀ ತಿರುಗಿಸುತ್ತಿದ್ದಳು.

ಅಂದು ಬೆಳಿಗ್ಗೆ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

"ನೋಡಮ್ಮ, ನಿನ್ನ ಡಾಕ್ಟರಿಗೆ ಇದೇ ಕೊನೇ ಸಲ. ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ಭಾನುವಾರ ಆ ಹಳೇ ಕಾರು ಕೊಳ್ಳೋ ಮನುಷ್ಯ ಬಂದು ಕಾರು ತಗೊಂಡು ಹೋಗ್ಲಿ. ನನಗಂತೂ ಸಾಕಾಗಿದೆ."

"ನನ್ನ ಡಾಕ್ಟರ್ ಅಲ್ಲಪ್ಪ, ಕಾರಿನ ಡಾಕ್ಟರ್."

"ಯಾರ ಡಾಕ್ಟರೋ! ರಿಪೇರಿಗೆ ಹೋಗೋ ದಿನ ನೀನು ಎರಡೆರಡು ಸಲ ತಲೆ ಬಾಚ್ಕೊಳ್ಳೋದು ನನಗೆ ಕಾಣಲ್ಲ ಅಂದ್ಕೊಂಡ್ಯಾ?"

ಊರಿನವರು ಆ ಮೆಕ್ಯಾನಿಕ್ಕನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಹಳೆಯ ಗಾಡಿಗಳೆಂದರೆ ಅವನೇ. ಗೇಟಿನ ಹೊರಗೆ ಗಾಡಿ ನಿಲ್ಲುವಷ್ಟರಲ್ಲೇ, ಬಾನೆಟ್ ಎತ್ತದೆ, ಬರೀ ಸದ್ದಿನಿಂದ ಇಂಥ ಕಡೆ ಇಂಥ ನೋವು ಎಂದು ಹೇಳುತ್ತಿದ್ದನಂತೆ. ಅಂಥವನ ಕೈಗೂ ಈ ಕಾರು ಬಗ್ಗಿರಲಿಲ್ಲ. ಕಾರ್ಬುರೇಟರನ್ನು ಬಿಚ್ಚಿ ತೊಳೆದಿದ್ದ. ಪೆಟ್ರೋಲ್ ಬರುವ ಸಣ್ಣ ಜೆಟ್‌ಗಳನ್ನು ಊದಿ ಕಸ ತೆಗೆದಿದ್ದ. ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನೂ ಹೊಸದಾಗಿ ಹಾಕಿದ್ದ. ಶೆಡ್ಡಿನಲ್ಲಿ ಎಲ್ಲ ಸರಿಯಿರುತ್ತಿತ್ತು. ದಾರಿಯಲ್ಲಿ ಎಂಜಿನ್ ಕಾದ ಮೇಲೆ ಮತ್ತೆ ಅದೇ ಹಾಡು.

ಕಾರು ಹುಷಾರಾಗದಿದ್ದುದಕ್ಕೆ ಅವಳಿಗೆ ಒಳಗೊಳಗೇ ಖುಷಿ. ಅದನ್ನು ಯಾರ ಹತ್ತಿರ ಹೇಳುವುದು?

ಅವಳು ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಊರಿಗೆಲ್ಲ ಅವಳ ದನಿ ಪರಿಚಯ, ಮುಖ ಮಾತ್ರ ಯಾರಿಗೂ ಬೇಕಿರಲಿಲ್ಲ. ಅಂಗಡಿಯಲ್ಲಿ ಸೋಪು ಕೇಳಿದರೆ ಅಂಗಡಿಯವನು ತಲೆ ಎತ್ತದೆಯೇ, "ಓ, ಪ್ಲಾಟ್‌ಫಾರ್ಮ್ ಮೇಡಂ!" ಎನ್ನುತ್ತಿದ್ದ. ನೆಂಟರ ಮನೆಗೆ ಹೋದರೆ, "ಒಂದ್ಸಲ ಅನೌನ್ಸ್ ಮಾಡೇ" ಎಂದು ಚಿಕ್ಕಮ್ಮಂದಿರು ಕಣ್ಣು ಮುಚ್ಚಿ ಕೂರುತ್ತಿದ್ದರು.

ಡಾಕ್ಟರ್ ಹಾಗಲ್ಲ. ಅವಳು ಬಾಯಿ ತೆರೆದರೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಿದ್ದ. ಪೂರ್ತಿ ತಿರುಗಿ ನಿಂತು, ಹುಬ್ಬು ತುಸು ಕೂಡಿಸಿ, ಅವಳ ತುಟಿಗಳನ್ನೇ ನೋಡುತ್ತಿದ್ದ. ಅದು ಕಳ್ಳನೋಟವಲ್ಲ, ಕೆಟ್ಟ ನೋಟವೂ ಅಲ್ಲ. ಹಿರಿಯರು ಪದ್ಯ ಹೇಳಿಕೊಡುವಾಗ ಒಂದಕ್ಷರವೂ ತಪ್ಪಿಹೋಗಬಾರದೆಂದು ಎದುರು ಕುಳಿತ ಮಗು ನೋಡುತ್ತದಲ್ಲ, ಹಾಗೆ.

"ಹೀಗೆ ನೋಡಿದ್ರೆ ನನಗೆ ಮಾತೇ ಮರೆತುಹೋಗುತ್ತೆ, ಡಾಕ್ಟ್ರೇ," ಎಂದು ಒಮ್ಮೆ ಛೇಡಿಸಿದ್ದಳು.

ಅವನು ಕಣ್ಣು ತಗ್ಗಿಸಿ, "ಹಾಗಾದ್ರೆ ನಿಧಾನಕ್ಕೆ ಹೇಳಿ, ಮೇಡಂ. ನನಗೇನೂ ಅವಸರ ಇಲ್ಲ," ಎಂದಿದ್ದ.

ಆ ಮಾತನ್ನು ಅವಳು ಮನೆಗೆ ತಂದು, ಎಷ್ಟೋ ದಿನ ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದಳು.

ಅಂದು ಶೆಡ್ಡಿನೊಳಗೆ ಕಾರು ನುಗ್ಗಿದಾಗ ಮೂಲೆಯಲ್ಲಿದ್ದ ವೆಲ್ಡರ್ ಮಾವ ಕೂಗಿದರು: "ಬಂತಪ್ಪಾ ನಿನ್ನ ಪೇಷೆಂಟು!" ಬೆನ್ನು ಹಾಕಿ ನಿಂತಿದ್ದ ಡಾಕ್ಟರ್ ತಿರುಗಲಿಲ್ಲ. ಮಾವ ಒಂದು ನಟ್ಟು ಎತ್ತಿ ಅವನ ಕಾಲಿನ ಬಳಿ ಎಸೆದರು. ಆಗ ತಿರುಗಿದ. ಅವಳನ್ನು ಕಂಡು ಮುಖ ಅರಳಿತು.

"ಎಂಜಿನ್ ಆರಿಸಬೇಡಿ," ಎಂದಳು ಆಕ್ಸಿಲರೇಟರಿನಿಂದ ಕಾಲು ತೆಗೆಯದೆಯೇ. "ಕಾದಿರುವಾಗ್ಲೇ ನೋಡಿ. ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಅಪ್ಪ ಕಾರು ಕೊಟ್ಟುಬಿಡ್ತಾರೆ."

"ಕೊಟ್ಟುಬಿಡ್ತಾರಾ?"

"ಹೂಂ. ಆಮೇಲೆ ನಾನು ಬಸ್ಸಿನಲ್ಲಿ ಓಡಾಡೋದು. ಬಸ್ಸುಗಳಿಗೆ ಬೇರೆ ಡಾಕ್ಟರು ಇದ್ದಾರಂತೆ."

ಅವನು ನಗಲಿಲ್ಲ. ಬಾನೆಟ್ ಎತ್ತಿ, ಒಂದು ಕೈಯಲ್ಲಿ ಎಂಜಿನ್ ಆರದಂತೆ ಥ್ರಾಟಲ್ ಹಿಡಿದು, ಇನ್ನೊಂದರಲ್ಲಿ ಸ್ಕ್ರೂ ತಿರುಗಿಸತೊಡಗಿದ. ಅವಳು ಇಳಿದು ಬಂದು ಪಕ್ಕದಲ್ಲೇ ಬಗ್ಗಿದಳು. ಪೆಟ್ರೋಲಿನ ಘಾಟಿಗೆ ತಲೆ ಸುತ್ತಿದಂತಾಗಿ, ಕರ್ಚೀಫ್ ತೆಗೆದು ಮೂಗು ಬಾಯಿ ಮುಚ್ಚಿಕೊಂಡಳು.

ಆಗ ಕೇಳಿಸಿತು. ಎಂಜಿನ್ನಿನ ಗುಡುಗುಡು ನಡುವೆ ಎಳೆಯಂಥ ಸಣ್ಣ ಸದ್ದು. ಯಾರೋ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿರುವಂತೆ.

"ಡಾಕ್ಟ್ರೇ, ಏನದು ಸುಯ್ ಅಂತಿರೋದು?"

ಅವನು ಸ್ಕ್ರೂ ತಿರುಗಿಸುತ್ತಲೇ ಇದ್ದ.

ಅವಳು ಅವನ ತೋಳು ಮುಟ್ಟಿದಳು. ತಲೆ ಎತ್ತಿದ. ಅವನ ಕಣ್ಣು ಅಭ್ಯಾಸದಂತೆ ಅವಳ ತುಟಿಗೆ ಬಂತು, ಅಲ್ಲಿ ಕರ್ಚೀಫಿತ್ತು. ಆ ಕ್ಷಣ ಅವನ ಮುಖದಲ್ಲಿ ಕಂಡದ್ದು ದಿಗಿಲು, ಬೇರೇನೂ ಅಲ್ಲ.

"ಸುಯ್ ಅಂತಿದೆ. ನಿಮಗೆ ಕೇಳಿಸ್ತಿಲ್ವಾ?"

"ಹೌದು ಮೇಡಂ," ಎಂದ ಅವನು. "ಸಾಯಂಕಾಲಕ್ಕೆ ರೆಡಿ ಮಾಡ್ತೀನಿ."

ಅವಳಿಗೆ ಅನುಮಾನ ಹುಟ್ಟಿತು. ಕರ್ಚೀಫ್ ಸರಿಸಲಿಲ್ಲ. ರೈಲು ಬರುವುದನ್ನು ಹೇಳುವಷ್ಟೇ ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು: "ನೀವಂದ್ರೆ ನನಗೆ ಇಷ್ಟ."

"ಆಯ್ತು ಮೇಡಂ," ಎಂದು ಅವನು ವಿನಯದಿಂದ ನಕ್ಕ. "ಬೇರೆ ಜೆಟ್ ತರಿಸಿ ಹಾಕ್ತೀನಿ."

ಎಷ್ಟೋ ತಿಂಗಳು ಮನಸ್ಸಿನಲ್ಲೇ ತಿದ್ದಿ ತೀಡಿದ ಮಾತು ಹೀಗೆ ಎಣ್ಣೆ ಜಿಡ್ಡಿನ ನೆಲದ ಮೇಲೆ ಬಿದ್ದುಹೋಯಿತು. ಅವಳು ಕರ್ಚೀಫ್ ಕೆಳಗಿಳಿಸಿದಳು.

"ಎಂಜಿನ್ ಸುಯ್ ಅಂತಿದೆ, ನಿಮಗೆ ಕೇಳಿಸ್ತಿಲ್ಲ. ಯಾವಾಗಿನಿಂದ?"

ಅವನಿಗೆ ಅರ್ಥವಾಯಿತು. ಥ್ರಾಟಲ್‌ನಿಂದ ಕೈ ತೆಗೆದ; ಎಂಜಿನ್ ನಡುಗಿ ಆರಿಹೋಯಿತು. ಕೈ ಒರೆಸಿಕೊಳ್ಳುತ್ತ ನಿಂತ; ಒರೆಸಿದ್ದನ್ನೇ ಮತ್ತೆ ಒರೆಸಿದ.

"ಒಂದೆರಡು ವರ್ಷ ಆಗಿರ್ಬೇಕು. ದಪ್ಪ ಸದ್ದೆಲ್ಲ ಕೇಳುತ್ತೆ, ಲಾರಿ, ಎಂಜಿನ್ನು, ಮಾವನ ಸುತ್ತಿಗೆ. ಸಣ್ಣವೆಲ್ಲ ಒಂದೊಂದಾಗಿ ಹೋದ್ವು. ಹಕ್ಕಿ ಹೋಯ್ತು. ಫೋನ್ ಹೋಯ್ತು. ಸುಯ್ ಅನ್ನೋದೂ ಹೋಗಿದೆ ಅಂತ ಇವತ್ತು ಗೊತ್ತಾಯ್ತು." ಕಾರ್ಬುರೇಟರಿನ ಬುಡ ತೋರಿಸಿದ. "ಇದು ಕೂರೋ ಜಾಗದಲ್ಲಿ ಗಾಳಿ ನುಗ್ಗದ ಹಾಗೆ ಹಾಕಿರೋ ಪ್ಯಾಕಿಂಗ್ ಬಿಟ್ಟಿರುತ್ತೆ. ಬಿಸಿಗೆ ಬಾಯಿ ಬಿಟ್ಕೊಂಡು ಪಕ್ಕದಿಂದ ಗಾಳಿ ಎಳೀತಿದೆ. ಅದಕ್ಕೇ ನಿಂತಾಗ ಆರಿಹೋಗೋದು. ಮೊದಲು ನೋಡ್ಬೇಕಾದ ಜಾಗವೇ ಅದು. ನನಗೆ ಕೇಳಿಸ್ಲಿಲ್ಲ, ಹಾಗಾಗಿ ಅಲ್ಲೇನೂ ಇಲ್ಲ ಅಂದ್ಕೊಂಡೆ."

ಕಾರು ಯಾರಿಗೆ ಬೇಕಾಗಿತ್ತು? "ಹಾಗಾದ್ರೆ ನೀವು ನನ್ನನ್ನ ಹಾಗೆ ನೋಡ್ತಿದ್ದಿದ್ದು..."

"ಮಾತು ತಿಳೀಲಿ ಅಂತ."

"ಅಷ್ಟೇನಾ?"

ಅವನು ಕೈ ಒರೆಸಿದ ಬಟ್ಟೆಯನ್ನು ನಾಲ್ಕಾಗಿ ಮಡಚಿದ.

"ಎಲ್ಲರನ್ನೂ ಹಾಗೇ ನೋಡ್ತೀರಾ? ವೆಲ್ಡರ್ ಮಾವನನ್ನೂ?"

"ಮಾವನಿಗೆ ಮೀಸೆ ಅಡ್ಡ ಬರುತ್ತೆ, ಮೇಡಂ."

ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ನನ್ನನ್ನೂ ಒಬ್ಬರು ಕಣ್ತುಂಬ ನೋಡುತ್ತಾರೆಂದು ಹಿಗ್ಗಿದ್ದೆನಲ್ಲ! ಅವಳು ಬ್ಯಾಗ್ ಎತ್ತಿಕೊಂಡಳು.

"ಕಾರು ಬೇರೆಯವರ ಹತ್ತಿರ ತಗೊಂಡು ಹೋಗಿ," ಎಂದ ಅವನು ಹಿಂದಿನಿಂದ. "ನಾನು ಶೆಡ್ಡು ಬಿಡೋಣ ಅಂತಿದ್ದೀನಿ. ಸದ್ದು ಕೇಳದವನಿಗೆ ಈ ಕೆಲಸ ಯಾಕೆ? ಗಂಡಸು ಅಂತ ಒಬ್ಬರ ಮುಂದೆ ನಿಲ್ಲೋಕೆ ಕೈಯಲ್ಲಿ ಒಂದು ಕೆಲಸವಾದ್ರೂ ಬೇಕಲ್ವಾ?"

ಅವಳು ನಡೆದು ಗೇಟಿನವರೆಗೆ ಹೋದಳು.

"ಮೇಡಂ, ಇನ್ನೊಂದು ಮಾತು. ನಿಮ್ಮ ದನಿ ಹೇಗಿದೆ ಅಂತ ಊರಿಗೆಲ್ಲ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ. ಅದಕ್ಕೇ ಮಧ್ಯಾಹ್ನ ಊಟದ ಹೊತ್ತಲ್ಲಿ ಸ್ಟೇಷನ್ನಿಗೆ ಬರ್ತೀನಿ. ಸ್ಪೀಕರ್ ಕಟ್ಟಿರೋ ಕಬ್ಬಿಣದ ಕಂಬಕ್ಕೆ ಕಿವಿ ಒತ್ತಿ ನಿಲ್ತೀನಿ. ನೀವು ಮಾತಾಡಿದಾಗ ಕಂಬ ನಡುಗುತ್ತೆ. ಅಷ್ಟೇ ಸಿಗೋದು. ಯಾವ ರೈಲು ಬಂತು, ಯಾವುದು ಹೋಯ್ತು, ಒಂದೂ ತಿಳಿಯಲ್ಲ."

ಅವಳ ಕಾಲುಗಳು ನಿಂತವು. ಕಂಬದಲ್ಲಿ ತಿಳಿದುಕೊಳ್ಳುವ ಮಾತೇ ಇಲ್ಲ. ಆದರೂ ಬರುತ್ತಾನೆ. ಊಟ ಬಿಟ್ಟು ಬರುತ್ತಾನೆ.

ತಿರುಗಿ ಬಂದು ಬ್ಯಾಗನ್ನು ಸೀಟಿನ ಮೇಲೆ ಎಸೆದಳು. "ಪ್ಯಾಕಿಂಗ್ ಇದೆಯಾ?"

"ಶೀಟಿದೆ. ಕತ್ತರಿಸ್ಬೇಕು."

"ಕತ್ತರಿಸಿ. ಮೊದಲು ಎಂಜಿನ್ ಹಚ್ಚಿ. ನಾನು ಕೇಳ್ತೀನಿ, ನೀವು ಹುಡುಕಿ."

ಅವನು ಒಂದು ಕೈಯಲ್ಲಿ ಥ್ರಾಟಲ್, ಇನ್ನೊಂದರಲ್ಲಿ ಎಣ್ಣೆ ಕ್ಯಾನು ಹಿಡಿದು ಕಾರ್ಬುರೇಟರಿನ ಬುಡದ ಸುತ್ತ ಹನಿ ಹನಿಯಾಗಿ ಬಿಡುತ್ತ ಬಂದ. ಅವಳು ಬೆರಳೆತ್ತಿ ನಿಂತಳು. ಸುಯ್ ಅನ್ನುತ್ತಿರುವಷ್ಟು ಹೊತ್ತು ಬೆರಳು ಮೇಲೆ. ಅವನ ಒಂದು ಕಣ್ಣು ಹನಿಯ ಮೇಲೆ, ಇನ್ನೊಂದು ಬೆರಳ ಮೇಲೆ. ಹಿಂಬದಿಯ ಮೂಲೆಗೆ ಎಣ್ಣೆ ಮುಟ್ಟಿದ್ದೇ ತಡ, ಸದ್ದು ಕತ್ತರಿಸಿದಂತೆ ನಿಂತಿತು. ಬೆರಳು ಇಳಿಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಎಂಜಿನ್ ಆರಿಸಿ ತಣಿಯಲು ಬಿಟ್ಟು, ಅವನು ಶೀಟು ಕತ್ತರಿಸಿದ. ಬಿಚ್ಚಿ, ಹೆರೆದು, ಹೊಸ ಪ್ಯಾಕಿಂಗ್ ಕೂರಿಸಿ ಬಿಗಿದ. ಎಂಜಿನ್ ಹಚ್ಚಿ, ಮತ್ತೆ ಚೆನ್ನಾಗಿ ಕಾಯಲು ಬಿಟ್ಟರು. ಅದು ನಡುಗಲಿಲ್ಲ, ಬಿಕ್ಕಳಿಸಲೂ ಇಲ್ಲ. ಅವನು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ತಲೆಯಾಡಿಸಿದ. ಸಂತೋಷ ಮಾತ್ರ ಮುಖಕ್ಕೆ ಬರಲಿಲ್ಲ.

"ಇವತ್ತು ನೀವಿದ್ರಿ. ನಾಳೆ ಇನ್ನೊಂದು ಗಾಡಿ ಬರುತ್ತೆ."

"ಬರ್ಲಿ. ಮೊದಲು ನಾವು ಕಿವಿಯ ಡಾಕ್ಟರ ಹತ್ತಿರ ಹೋಗೋಣ."

"ಆಗಲ್ಲ ಅಂತ ಹೇಳಿಬಿಟ್ರೆ? ಹೆದರಿಕೆ ಆಗುತ್ತೆ, ಮೇಡಂ."

"ನನಗೂ ಆಗುತ್ತೆ," ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವನು ಬಾನೆಟ್ ಮುಚ್ಚಿ ಕೇಳಿದ: "ಆಗ ಕರ್ಚೀಫ್ ಹಿಂದೆ ಏನೋ ಅಂದ್ರಿ. ಜೆಟ್ ವಿಷಯ ಅಲ್ಲ, ಅಲ್ವಾ?"

ಮೂಲೆಯಲ್ಲಿ ವೆಲ್ಡರ್ ಮಾವ ಕೆಲಸ ನಿಲ್ಲಿಸಿ, ಏನೂ ಕೇಳಿಸದವರಂತೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಅವಳು ಅವರಿಗೆ ಬೆನ್ನು ಹಾಕಿ ನಿಂತಳು. ಇಡೀ ಊರಿಗೆ ಕೇಳಿಸುವ ಆ ದನಿಯನ್ನು ಗಂಟಲಲ್ಲೇ ಬಿಟ್ಟು, ಬರೀ ತುಟಿಯಲ್ಲಿ, ನಿಧಾನವಾಗಿ ಹೇಳಿದಳು.

ಅವನು ಕೊನೆಯ ಅಕ್ಷರದವರೆಗೂ ಕಣ್ಣು ಕೀಳಲಿಲ್ಲ. ಮಾತು ಮುಗಿದು ತುಟಿಗಳು ಕೂಡಿಕೊಂಡ ಮೇಲೂ ಅಲ್ಲೇ ನೋಡುತ್ತಿದ್ದ.

"ನನಗೂ!" ಎಂದ. ತನ್ನ ದನಿ ಎಷ್ಟು ಜೋರೆಂದು ಅವನಿಗೆ ತಿಳಿಯಲಿಲ್ಲ; ಶೆಡ್ಡಿನ ತಗಡೆಲ್ಲ ಗುಂಯ್‌ಗುಟ್ಟಿತು.

"ಏನೋ ಅದು ನಿನಗೂ?" ಎಂದು ಮಾವ ಮೂಲೆಯಿಂದ ಕೂಗಿದರು. "ಇಲ್ಲಿ ಯಾರಾದ್ರೂ ಟೀ ಹೇಳಿದ್ರಾ?"

ಡಾಕ್ಟರಿಗೆ ಅದು ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು, ಆದರೂ ಅವನ ತುಟಿಗಳನ್ನೇ ನೋಡುತ್ತ ನಿಂತಳು.